ಮುಸುರೆ

ಬೆಳಿಗ್ಗೆ ಎದ್ದವಳೇ ತಟ್ಟಿ ನೋಡುತ್ತೇನೆ,
ಹಾಸಿಗೆಯಡಿಯ ಹಲಗೆ ಎತ್ತಿ, ಬೆರಳ ಗೆಣ್ಣಿನಿಂದ,
ಹಲಸಿನಕಾಯಿ ತಟ್ಟುವ ಹಾಗೆ.
ಮೇಲೆ ಟೊಳ್ಳು ಟೊಳ್ಳು,
ಒಂದು ಗೇಣು ಕೆಳಗೆ ದನಿ ದಪ್ಪಗಾಗುತ್ತದೆ.
ಅಲ್ಲಿಯವರೆಗೆ ನಾವು.
ನಾನು ಮತ್ತು ಜಯಕರ, ಮೂರು ದಿನದ್ದು.

ಮೂವತ್ತೆರಡು ಅಡಿಯ ಹಾಯಿದೋಣಿ,
ರಾಸ್ ಅಲ್ ಖೈಮಾದ ಹಿನ್ನೀರ ಕಟ್ಟೆಗೆ
ಎರಡು ಹಗ್ಗದಲ್ಲಿ ಬಿಗಿದ ಸಂಸಾರ.
ಫ್ಲ್ಯಾಟಿನ ಬಾಡಿಗೆಗಿಂತ ಅಗ್ಗವೆಂದು ಕೊಂಡದ್ದು.
ಅವನಿಗೆ ಇಂಜಿನ್ ಬಿಚ್ಚಲು ಬರುತ್ತದೆ,
ನನಗೆ ಮೀನು ಕೊಯ್ಯಲು.

ಸಮುದ್ರದ ನೆಂಟಸ್ತಿಕೆ, ಉಪ್ಪಿಗೆ ಬಡತನ ಅನ್ನುತ್ತಿದ್ದಳು ಅಮ್ಮ.
ಇಲ್ಲಿ ಉಪ್ಪಿಗೇನೂ ಬಡತನವಿಲ್ಲ,
ಒಣಗಿದ ಸೀರೆಯ ಸೆರಗು ಕಚ್ಚಿದರೂ ಉಪ್ಪು.
ಬಡತನ ಬೇರೆಯದಕ್ಕೆ:
ಎಸೆಯಲು ಒಂದು 'ಹೊರಗೆ' ಇಲ್ಲ.

ಮಲ್ಪೆಯ ಮನೆಗೆ ಎಷ್ಟೊಂದು 'ಹೊರಗೆ' ಇತ್ತು!
ಮೀನು ತೊಳೆದ ನೀರು ತೆಂಗಿನ ಬುಡಕ್ಕೆ,
ಅಕ್ಕಚ್ಚು ಪಕ್ಕದ ಮನೆಯ ಎಮ್ಮೆಗೆ,
ತಲೆ ಬಾಲ ಬೆಕ್ಕಿಗೆ, ಬೆಕ್ಕು ಬಿಟ್ಟದ್ದು ಕಾಗೆಗೆ,
ಕಾಗೆಯೂ ಒಲ್ಲದ್ದು ಕಡಲಿಗೆ.
ಕಡಲು ಏನನ್ನೂ ಒಲ್ಲೆ ಅಂದದ್ದಿಲ್ಲ,
ನಾವು ಕೇಳಿದ್ದೂ ಇಲ್ಲ.

ಇಲ್ಲಿ ಈರುಳ್ಳಿ ಸಿಪ್ಪೆಗೂ ವಿಳಾಸ ಹುಡುಕಬೇಕು.
ಮೂರು ಬಕೆಟ್ಟು, ಮೂರು ಬಣ್ಣ.
ಬಂಗುಡೆಯ ಮುಳ್ಳು ಫ್ರೀಜರಿನಲ್ಲಿ,
ಐಸ್‌ಕ್ರೀಮಿನ ಡಬ್ಬಿಯೊಳಗೆ, ಮಂಗಳವಾರದ ತನಕ;
ಈ ಸೆಕೆಯಲ್ಲಿ ಹೊರಗಿಟ್ಟರೆ
ಅರ್ಧ ಗಂಟೆಗೆ ಅದಕ್ಕೆ ಕಾಲು ಬರುತ್ತದೆ.
ಅಕ್ಕಿ ತೊಳೆದ ನೀರು ಮಾತ್ರ ಕರಿಬೇವಿಗೆ.
ಪೇಂಟಿನ ಡಬ್ಬಿಯಲ್ಲಿ ಹನ್ನೊಂದು ಎಸಳಿನ ಗಿಡ,
ಅದೇ ನಮ್ಮ ತೋಟ, ಅದೇ ಎಮ್ಮೆ.

ಈದಿಗೆ ನಾಲ್ಕು ದಿನ ಪಂಪಿನವರಿಲ್ಲ ಎಂದು
ಬೋರ್ಡು ತೂಗಿತ್ತು.
ಅವತ್ತೇ ಶಾರ್ಜಾದಿಂದ ಭಾವ, ಓರಗಿತ್ತಿ, ಮೂರು ಮಕ್ಕಳು,
ದೋಣಿ ನೋಡಬೇಕಂತೆ, ಕಲ್ಲಂಗಡಿ ಹೊತ್ತು ಬಂದರು.
ಕಲ್ಲಂಗಡಿ!
ನಾನು ನಗುತ್ತಲೇ ಕೊಯ್ದೆ.
ಒಳಗೆ ಕೈಪಂಪು ಕುಂಯ್ ಅಂದಾಗಲೆಲ್ಲ
ಜಯಕರನ ತುಟಿ ಲೆಕ್ಕ ಹಾಕುತ್ತಿತ್ತು.
'ಉಂಡದ್ದಲ್ಲದೆ ಬೇರೇನೂ ಹಾಕಬಾರದು' ಎಂದು
ಬಾಗಿಲಿಗೆ ನಾನು ಬರೆದಂಟಿಸಿದ್ದನ್ನು
ಓರಗಿತ್ತಿ ಗಟ್ಟಿಯಾಗಿ ಓದಿ, ಬಿದ್ದು ಬಿದ್ದು ನಕ್ಕಳು.

ರಾತ್ರಿ ತಟ್ಟಿದೆ. ಟೊಳ್ಳು ಎಲ್ಲೂ ಇಲ್ಲ.
ಕಲ್ಲು ತಟ್ಟಿದ ಹಾಗೆ.
'ಒಂದು ವಾಲ್ವು ತಿರುವಿದರೆ ಮುಗಿಯಿತು,'
ಅಂದ ಅವನು, ದನಿ ತಗ್ಗಿಸಿ,
'ಕತ್ತಲೆ. ಯಾರು ನೋಡುತ್ತಾರೆ?'
ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.
ಕರಿಬೇವಿಗೆಂದು ಎತ್ತಿಟ್ಟಿದ್ದ ಅಕ್ಕಚ್ಚು
ಸುಮ್ಮನೆ ಅಂಚಿನಾಚೆ ಚೆಲ್ಲಿದೆ.

ನೀರು ಹೊತ್ತಿಕೊಂಡಿತು.
ನೀಲಿ. ಬಿದ್ದ ಹನಿ ಹನಿಗೂ ದೀಪ.
ನುಚ್ಚು ಎಲ್ಲೆಲ್ಲಿ ಇಳಿಯಿತೋ ಅಲ್ಲೆಲ್ಲ ತೋರಿಸಿ
ಆಮೇಲೆ ಆರಿತು.
ಊರಲ್ಲೂ ಕಂಡಿದ್ದೇನೆ ಇದನ್ನು,
ಬಲೆ ಎಳೆದು ಬಂದ ಅಪ್ಪನ ಮೊಣಕೈಯಲ್ಲಿ ಮಿಣುಕು.
ಆದರೆ ಹೀಗೆ, ಹೆಸರು ಹಿಡಿದು ಕರೆದಂತೆ, ಎಂದೂ ಅಲ್ಲ.
ಜಯಕರ ವಾಲ್ವಿನಿಂದ ಕೈ ತೆಗೆದ.
ಮತ್ತೆ ಮೂರು ದಿನ ದಂಡೆಯ ಪಾಯಿಖಾನೆಗೆ
ಆರುನೂರು ಹೆಜ್ಜೆ, ನಡುರಾತ್ರಿಯಲ್ಲೂ,
ನೈಟಿಯ ಮೇಲೆ ಅವನ ಅಂಗಿ.
ಈ ಬುದ್ಧಿ ಕಲ್ಲಂಗಡಿಗೆ ಮೊದಲೇ ಬರಬೇಕಿತ್ತು.

ಐದನೆಯ ದಿನ ಬಂದ ಮೊಫಿಜುಲ್, ನೋವಾಖಾಲಿಯವನು,
ಹೊಸ ಅಂಗಿ, ಕೈಗೆ ಹಳದಿ ಗ್ಲೌಸು.
ಅವನ ಕೊಳವೆಯ ನಡುವೆ ಒಂದು ಗೇಣು ಗಾಜು.
ಯಾವಾಗಲೂ ಆಚೆ ತಿರುಗುತ್ತಿದ್ದವಳು ಅವತ್ತು ನೋಡಿದೆ:
ಭಾವ ಹೋದರು, ಮಕ್ಕಳು ಹೋದವು, ಕಲ್ಲಂಗಡಿ ಹೋಯಿತು,
ಓರಗಿತ್ತಿಯ ನಗು ಕೂಡ, ಗುಳುಗುಳು.
'ಇದೆಲ್ಲ ಎಲ್ಲಿಗೆ?' ಕೇಳಿದೆ ನನ್ನ ಹರಕು ಹಿಂದಿಯಲ್ಲಿ.
ಮರಳಿನ ಕಡೆ ಕೈ ತೋರಿದ.
'ಲಾರಿ ಒಯ್ಯುತ್ತದೆ ದೀದಿ. ಆಮೇಲೆ ನನಗೂ ಗೊತ್ತಿಲ್ಲ.'

ಗ್ಲೌಸು ಕಳಚಿ, ಮೂರು ಸಲ ಕೈ ತೊಳೆದು,
ಜೇಬಿನಿಂದ ಕಾಗದ ಸುತ್ತಿದ ಹಬ್ಬದ ಸಿಹಿ ಕೊಟ್ಟ.
ಅರ್ಧ ನಾನು, ಅರ್ಧ ಜಯಕರ.
ಕಾಗದ ಮಾತ್ರ ಕೈಯಲ್ಲೇ ಉಳಿಯಿತು,
ತುಪ್ಪದ ಜಿಡ್ಡು ಕುಡಿದದ್ದು,
ಯಾವ ಬಕೆಟ್ಟಿಗೂ ಸಲ್ಲದ್ದು.